ನೊಣದ ಕಣ್ಣು, ಮಗುವಿನ ಮಿದುಳು ಮತ್ತು ನಾನು ತಿದ್ದಿ ಬರೆದ ಒಂದು ಪಾಠ

ಬೋಧನಾಭ್ಯಾಸಕ್ಕೆ ನನ್ನನ್ನು ಹಾಕಿದ್ದು ಚಿಕ್ಕರಸಿನಕೆರೆ ಕಡೆಯ ಒಂದು ಪ್ರೌಢಶಾಲೆಗೆ. ಹತ್ತನೇ ತರಗತಿಯ ವಿಜ್ಞಾನದಲ್ಲಿ ನನ್ನ ಪಾಲಿಗೆ ಬಂದದ್ದು ಅನುವಂಶೀಯತೆಯ ಘಟಕ. ಮೆಂಡೆಲನ ಬಟಾಣಿ ಮುಗಿಸಿ ಲಿಂಗ ನಿರ್ಧಾರಕ್ಕೆ ಬಂದಾಗ, ಪುಸ್ತಕದಲ್ಲಿ ಇಲ್ಲದ್ದನ್ನೂ ಸ್ವಲ್ಪ ಹೇಳೋಣವೆಂಬ ಉತ್ಸಾಹದಲ್ಲಿ ಎಕ್ಸ್ ವರ್ಣತಂತುವಿನ ಮೂಲಕ ಬರುವ ಕಾಯಿಲೆಗಳ ನಕ್ಷೆ ಬರೆದೆ. ತಾಯಿಯ ಒಂದು ಎಕ್ಸ್‌ಗೆ ಕೆಂಪು ಸೀಮೆಸುಣ್ಣ, ಅಲ್ಲಿಂದ ಮಗನವರೆಗೆ ಕೆಂಪು ಬಾಣ. ಹಿಂದಿನ ಬೆಂಚಿನಿಂದ ಒಬ್ಬ, “ಅಂಗಾರೆ ತಪ್ಪು ಅವ್ವುಂದೇ ಅಲ್ವಾ ಮಿಸ್?” ಎಂದ. ತರಗತಿ ನಕ್ಕಿತು. ನಾನೂ ಅರೆನಕ್ಕು ಮುಂದಿನ ಅಂಶಕ್ಕೆ ಹೋದೆ.

ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಬಿಸಿಯೂಟದ ಹೊತ್ತಿಗೆ ಅವಳ ಗೆಳತಿಯಿಂದ ತಿಳಿಯಿತು: ಅವಳ ತಮ್ಮನಿಗೆ ಕಣ್ಣೂ ಸರಿಯಿಲ್ಲ, ಬುದ್ಧಿಯೂ ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲ, ಮನೆಯ ಹಿರಿಯರು ಅದಕ್ಕೆ ತಾಯಿಯನ್ನೇ ಅನ್ನುತ್ತಾರೆ. (ಗುರುತು ಸಿಗಬಾರದೆಂದು ಉಳಿದ ವಿವರ ಬಿಟ್ಟಿದ್ದೇನೆ.) ಅವರ ಮಾತಿಗೆ ನಾನು ಕಪ್ಪುಹಲಗೆಯ ಮೇಲೆ ಸಾಕ್ಷಿ ಬರೆದುಕೊಟ್ಟಂತಾಗಿತ್ತು.

ಪಾಠವನ್ನು ಮತ್ತೆ ಮಾಡಲು ಮಾರ್ಗದರ್ಶಕ ಶಿಕ್ಷಕರು ಒಂದು ಅವಧಿ ಬಿಟ್ಟುಕೊಟ್ಟರು. ಕಣ್ಣು, ಮಿದುಳು, ಎಕ್ಸ್ ವರ್ಣತಂತು ಮೂರೂ ಸೇರುವ ನಿಜವಾದ ಉದಾಹರಣೆಯನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ, ಅಂದರೆ ಎನ್‌ಸಿಬಿಎಸ್‌ನ, ರಘು ಪಡಿಂಜಾಟ್ ಅವರ ಸಂಶೋಧನೆ. ಕೃಷಿ ಮೇಳಕ್ಕೆಂದು ನಮ್ಮ ಕಡೆಯವರು ಹೋಗುವ ಜಿಕೆವಿಕೆ ಆವರಣದಲ್ಲೇ ಆ ಸಂಸ್ಥೆ ಇದೆ. ಅವರ ಕೆಲಸ ಶುರುವಾದದ್ದು ಹಣ್ಣಿನ ನೊಣದ ಕಣ್ಣಿನಲ್ಲಿ. ಈಗ ಬಂದು ನಿಂತಿರುವುದು ಮಕ್ಕಳ ಒಂದು ಅಪರೂಪದ ಮಿದುಳಿನ ಸ್ಥಿತಿಯಲ್ಲಿ. ನೊಣದ ಕಣ್ಣಿಗೂ ಮಗುವಿನ ಮಿದುಳಿಗೂ ಏನು ಸಂಬಂಧ? ಮಕ್ಕಳೂ ಇದನ್ನೇ ಕೇಳಿದರು.

ನಾವು ಕಣ್ಣನ್ನು ಕ್ಯಾಮೆರಾಕ್ಕೆ ಹೋಲಿಸಿ ಕಲಿಸುತ್ತೇವೆ. ಬೆಳಕಿನ ಪಾಠಕ್ಕೆ ಅದು ಸರಿ. ಜೀವಶಾಸ್ತ್ರದಲ್ಲಿ ಮಾತ್ರ, ಕಣ್ಣು ಬೇರೆ, ಮಿದುಳು ಬೇರೆ, ನಡುವೆ ಒಂದು ವೈರು ಎಂಬ ಕಲ್ಪನೆಯನ್ನು ಅದು ಕೂರಿಸಿಬಿಡುತ್ತದೆ. ನಡೆಯುವುದು ಹಾಗಲ್ಲ. ನಾಲ್ಕನೇ ವಾರದ ಭ್ರೂಣದಲ್ಲಿ ಮಿದುಳು ಇನ್ನೂ ಒಂದು ನಾಳ. ಅದರ ಮುಂಭಾಗದ ಎರಡೂ ಪಕ್ಕದಿಂದ ಒಂದೊಂದು ಗುಳ್ಳೆ ಹೊರಕ್ಕೆ ಉಬ್ಬುತ್ತದೆ. ಅದು ಮೇಲ್ಪದರಕ್ಕೆ ತಾಗಿದ ಜಾಗದಲ್ಲಿ ಆ ಪದರ ದಪ್ಪವಾಗಿ ಮಸೂರವಾಗುತ್ತದೆ. ಗುಳ್ಳೆ ತಾನು ಒಳಕ್ಕೆ ಮಡಚಿಕೊಂಡು ಬಟ್ಟಲಿನ ಆಕಾರ ತಾಳುತ್ತದೆ; ಬಟ್ಟಲಿನ ಒಳಪದರವೇ ಮುಂದೆ ಅಕ್ಷಿಪಟಲ. ಅದರ ನರಕೋಶಗಳಲ್ಲಿ ಮೊದಲು ಹುಟ್ಟುವವು ಗ್ಯಾಂಗ್ಲಿಯಾನ್ ಕೋಶಗಳು. ಅವುಗಳ ಉದ್ದನೆಯ ಎಳೆಗಳು, ಗುಳ್ಳೆ ಬಂದ ದಾರಿಯಲ್ಲೇ ಹಿಂದಕ್ಕೆ ಬೆಳೆದು ಮಿದುಳನ್ನು ಸೇರುತ್ತವೆ. ದೃಷ್ಟಿನರ ಅಂದರೆ ಆ ಎಳೆಗಳ ಕಟ್ಟು. ಹೀಗಾಗಿ ಅಕ್ಷಿಪಟಲವು ಮಿದುಳೇ. ಬೆಳಕು ಕಾಣಲು ಹೊರಬಂದ ಅದರ ತುಣುಕು. ಮಿದುಳನ್ನು ಕೆಡಿಸುವ ಅನೇಕ ಆನುವಂಶಿಕ ಸ್ಥಿತಿಗಳು ಕಣ್ಣನ್ನೂ ಕೆಡಿಸಲು ಇದೂ ಒಂದು ಕಾರಣ.

ಇನ್ನು ನೊಣ. ಅದರ ಒಂದೊಂದು ಕಣ್ಣಿನಲ್ಲಿ ಸುಮಾರು 750 ಪುಟ್ಟ ಕಣ್ಣುಗಳಿವೆ. ಪ್ರತಿಯೊಂದರಲ್ಲೂ ಬೆಳಕನ್ನು ಗ್ರಹಿಸುವ 8 ಕೋಶಗಳು. ನೋಡಲು ನಮ್ಮ ಕಣ್ಣಿನಂತೆ ಇಲ್ಲವೇ ಇಲ್ಲ. ಆದರೆ 1995ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ವಾಲ್ಟರ್ ಗೇರಿಂಗ್ ತಂಡ, ಕಣ್ಣನ್ನು ಕಟ್ಟಲು ಆಜ್ಞೆ ಕೊಡುವ ಇಲಿಯ ಜೀನನ್ನು ನೊಣದ ದೇಹದಲ್ಲಿ ಬೇರೆ ಜಾಗದಲ್ಲಿ ಚಾಲೂ ಮಾಡಿದಾಗ ಅಲ್ಲಿ ಕಣ್ಣು ಮೂಡಿತು. ಮೂಡಿದ್ದು ಇಲಿಯ ಕಣ್ಣಲ್ಲ, ನೊಣದ ಕಣ್ಣು. ಮೂಲ ಆಜ್ಞೆ ಅಷ್ಟು ಹಳೆಯದು, ಅಷ್ಟು ಸಮಾನ.

ನೊಣದ ಕಣ್ಣಿಗೆ ಬೆಳಕು ಬಿದ್ದಾಗ ಕೋಶಪೊರೆಯಲ್ಲಿರುವ ಪಿಪ್-2 ಎಂಬ ಒಂದು ಬಗೆಯ ಕೊಬ್ಬಿನ ಅಣು ಒಡೆಯುತ್ತದೆ. ಅದರಿಂದ ಪೊರೆಯ ಬಾಗಿಲುಗಳು ತೆರೆದು ವಿದ್ಯುತ್ ಸಂಕೇತ ಹುಟ್ಟುತ್ತದೆ. ಒಡೆದ ಅಣು ಮತ್ತೆ ತಯಾರಾಗುತ್ತಿರಬೇಕು. ಈ ಚಕ್ರದ ಒಂದು ಕಿಣ್ವ ಇಲ್ಲದ ನೊಣಗಳಲ್ಲಿ ಬೆಳಕಿನ ಕೋಶಗಳು ಬೇಗ ಸಾಯುತ್ತವೆ. ಏಕೆ? ರಘು ಅವರು ಕೇಂಬ್ರಿಜ್‌ನಲ್ಲಿ ರೋಜರ್ ಹಾರ್ಡಿ ಅವರೊಂದಿಗೆ ಮಾಡಿ 2000ದಲ್ಲಿ ಪ್ರಕಟಿಸಿದ ಕೆಲಸ ಉತ್ತರ ಕೊಟ್ಟಿತು: ಆ ನೊಣಗಳಲ್ಲಿ ಬಾಗಿಲುಗಳು ಕತ್ತಲಲ್ಲೂ ತೆರೆದೇ ಇರುತ್ತವೆ. ಮುಖ್ಯ ಬಾಗಿಲಿನ ಜೀನನ್ನೂ ತೆಗೆದುಬಿಟ್ಟಾಗ ಕೋಶಗಳು ಬದುಕಿ ಉಳಿದವು. ಇಲ್ಲಿ ಒಂದು ಎಚ್ಚರಿಕೆ: ನಮ್ಮ ಕಣ್ಣಿನ ಕಡ್ಡಿ ಮತ್ತು ಶಂಕು ಕೋಶಗಳು ಬೆಳಕನ್ನು ಗ್ರಹಿಸುವ ರಾಸಾಯನಿಕ ದಾರಿ ಬೇರೆ. ಆದರೆ ಪಿಪ್-2 ನಮ್ಮ ಪ್ರತಿಯೊಂದು ಕೋಶದ ಪೊರೆಯಲ್ಲೂ ಇದೆ, ನರಕೋಶದಲ್ಲೂ ಇದೆ. ಅದರ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ತೋರಿಸುವ ಮನುಷ್ಯರ ಕಾಯಿಲೆ ಲೋವ್ ಸಿಂಡ್ರೋಮ್.

1952ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಲೋವ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಮಗು ಹುಟ್ಟುವಾಗಲೇ ಎರಡೂ ಕಣ್ಣಿಗೆ ಪೊರೆ, ಸ್ನಾಯುಗಳು ಸಡಿಲ, ಕಲಿಕೆ ನಿಧಾನ, ದೇಹಕ್ಕೆ ಬೇಕಾದ ಲವಣಗಳು ಮೂತ್ರಜನಕಾಂಗದಲ್ಲಿ ಉಳಿಯದೆ ಹೊರಹೋಗುತ್ತವೆ. ಸುಮಾರು 5 ಲಕ್ಷಕ್ಕೆ ಒಬ್ಬರಿಗೆ ಬರುತ್ತದೆ, ಬಹುತೇಕ ಗಂಡುಮಕ್ಕಳಿಗೆ. ಕಾರಣವಾದ ಒಸಿಆರ್‌ಎಲ್ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ; ಅದು ಪತ್ತೆಯಾದದ್ದು 1992ರಲ್ಲಿ. ಆ ಜೀನ್ ತಯಾರಿಸುವ ಕಿಣ್ವದ ಕೆಲಸ ಪಿಪ್-2 ಅನ್ನು ಕಡಿಮೆ ಮಾಡುವುದು.

ವಿ.ಸಿ. ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆಯ ಮಕ್ಕಳಿಗೆ ಇದನ್ನು ಗದ್ದೆಯ ಮಾತಿನಲ್ಲಿ ಹೇಳಿದೆ. ನೀರು ಬರುವ ತೂಬು ಒಂದು ಕಡೆ, ಹೆಚ್ಚಿನ ನೀರು ಹೋಗುವ ಬಸಿಗಾಲುವೆ ಇನ್ನೊಂದು ಕಡೆ. ನೊಣದ ಕಣ್ಣಿನಲ್ಲಿ ಬೆಳಕು ಬಿದ್ದಷ್ಟೂ ನೀರು ಖರ್ಚು; ತುಂಬಿಸುತ್ತಲೇ ಇರಬೇಕು. ಲೋವ್ ಸಿಂಡ್ರೋಮ್‌ನಲ್ಲಿ ಬಸಿಗಾಲುವೆ ಕಟ್ಟಿದೆ. “ಪೈರು ಕೊಳೀತದೆ” ಎಂದರು. ಹೋಲಿಕೆ ಅಲ್ಲಿಗೇ ಸಾಕು. ಪಿಪ್-2 ನಿಂತ ನೀರಿನ ಹಾಗೆ ಸುಮ್ಮನಿರುವುದಿಲ್ಲ, ಕೋಶದೊಳಗೆ ಯಾವ ಕೆಲಸ ಎಲ್ಲಿ ನಡೆಯಬೇಕೆಂಬ ಗುರುತೂ ಅದೇ.

ಆ ಕಿಣ್ವ ಇಲ್ಲದ್ದಕ್ಕೆ ಮಿದುಳು ಹೇಗೆ ಕೆಡುತ್ತದೆ ಎಂಬುದು ಕಷ್ಟದ ಪ್ರಶ್ನೆ. ಇಲಿಗಳಲ್ಲಿ ಮಾಡಿದ ಮಾದರಿಗಳು ಮನುಷ್ಯರ ಕಾಯಿಲೆಯನ್ನು ಸರಿಯಾಗಿ ತೋರಿಸಲಿಲ್ಲ. ಬದುಕಿರುವ ಮಗುವಿನ ಮಿದುಳಿನಿಂದ ತುಣುಕು ತೆಗೆಯುವಂತಿಲ್ಲ. ದಾರಿ ತೋರಿಸಿದ್ದು ಜಪಾನಿನ ಶಿನ್ಯಾ ಯಮನಾಕಾ. ಬೆಳೆದ ಕೋಶವನ್ನು ಮತ್ತೆ ಭ್ರೂಣದ ಕೋಶದಂಥ ಸ್ಥಿತಿಗೆ ಮರಳಿಸಬಹುದೆಂದು ಅವರು 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮನುಷ್ಯರ ಕೋಶದಲ್ಲಿ ತೋರಿಸಿದರು. ಇದೇ ವಿಧಾನದಲ್ಲಿ ರಘು ಅವರ ತಂಡ ಲೋವ್ ಸಿಂಡ್ರೋಮ್ ಇರುವ ಒಂದು ಭಾರತೀಯ ಕುಟುಂಬದವರ ಕೋಶಗಳಿಂದ ಕಾಂಡಕೋಶಗಳನ್ನು ಮಾಡಿ, ಅವುಗಳ ಕೊಬ್ಬಿನ ಅಣುಗಳನ್ನು ಅಳೆದು, ನರಕೋಶಗಳು ಬೆಳೆಯುವುದನ್ನು ತಟ್ಟೆಯಲ್ಲೇ ನೋಡುವ ವ್ಯವಸ್ಥೆಯನ್ನು 2022ರಲ್ಲಿ ಪ್ರಕಟಿಸಿತು. ಮಗುವಿಗೆ ಸೂಜಿಗಿಂತ ಹೆಚ್ಚಿನ ನೋವಿಲ್ಲ.

ಎರಡನೇ ಪಾಠಕ್ಕೆ ನಾನು ಒಯ್ದ ಕಲಿಕೋಪಕರಣ ಒಂದು ಭೂತಗನ್ನಡಿ ಮತ್ತು ಕೊಳೆತ ಬಾಳೆಹಣ್ಣು ಹಾಕಿ, ಬಾಯಿಗೆ ಬಟ್ಟೆ ಕಟ್ಟಿದ ಬಾಟಲಿ. (ಶಿಕ್ಷಕರ ಕೊಠಡಿಯಲ್ಲಿ ಇಡಬೇಡಿ.) ಮಕ್ಕಳು ನೊಣದ ಕೆಂಪು ಕಣ್ಣನ್ನು ನೋಡಿದ ಮೇಲೆ ಥಾಮಸ್ ಹಂಟ್ ಮಾರ್ಗನ್‌ಗೆ 1910ರಲ್ಲಿ ಸಿಕ್ಕ ಬಿಳಿಗಣ್ಣಿನ ಗಂಡು ನೊಣದ ಕಥೆ ಹೇಳಿದೆ. ಎಕ್ಸ್ ವರ್ಣತಂತುವಿನ ಮೇಲೆ ಜೀನ್ ಇದೆಯೆಂದು ತಿಳಿದದ್ದೂ ನೊಣದ ಕಣ್ಣಿನಿಂದಲೇ.

ಆಮೇಲೆ ಆ ನಕ್ಷೆ. ಈ ಸಲ ಕೆಂಪು ಬಾಣ ಹಾಕಲಿಲ್ಲ. ಒಂದು ಬಟಾಣಿ, ಒಂದು ಕಡಲೆಕಾಳು ಮುಚ್ಚಿದ ಮುಷ್ಟಿಯಲ್ಲಿಟ್ಟು ಪ್ರತಿಯೊಬ್ಬರೂ ನೋಡದೆ ಒಂದನ್ನು ತೆಗೆಯುವಂತೆ ಮಾಡಿದೆ. ಬಟಾಣಿ ಬಂದವರನ್ನು, “ಯಾಕೆ ಬಟಾಣಿ ತೆಗೆದೆ?” ಎಂದು ಗದರಿದೆ. “ನಂಗೇನು ಗೊತ್ತು ಮಿಸ್, ಬಂತು” ಎಂದರು. ಜೀನನ್ನು ಹೊತ್ತ ತಾಯಿ ಆರಿಸಿ ಕೊಡುವುದಿಲ್ಲ. ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಲೋವ್ ಸಿಂಡ್ರೋಮ್‌ನಲ್ಲಿ ಸುಮಾರು ಮೂರರಲ್ಲಿ ಒಂದು ಮಗುವಿಗೆ ಆ ಬದಲಾವಣೆ ಹೊಸದಾಗಿ ಬಂದಿರುತ್ತದೆ, ತಾಯಿಯ ಜೀನ್ ಸರಿಯಾಗಿಯೇ ಇರುತ್ತದೆ. ಮೊದಲ ದಿನ ತಪ್ಪು ಯಾರದೆಂದು ಕೇಳಿದ್ದ ಹುಡುಗನಿಗೆ, “ಹೇಳಿಕೊಟ್ಟದ್ದು ನಾನು, ತಪ್ಪು ನನ್ನದು” ಎಂದೆ. ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ಸಮಯ ಪಾಲನೆಗೆ ಅಂಕ ಕಡಿಮೆ ಕೊಟ್ಟರು. ಅದು ಸರಿಯೇ, ಎಂಟು ನಿಮಿಷ ಹೆಚ್ಚಾಗಿತ್ತು.

ಗಂಟೆ ಹೊಡೆದ ಮೇಲೆ ಆ ಹುಡುಗಿ ಬಂದು ತಮ್ಮನಿಗೂ ಇದೇ ಇರಬಹುದೇ ಎಂದು ಕೇಳಿದಳು. ನಾನು ಡಾಕ್ಟರ್ ಅಲ್ಲ, ಇಂಥ ಕಾಯಿಲೆಗಳು ನೂರಾರು, ಪರೀಕ್ಷೆ ಮಾಡದೆ ಹೆಸರು ಹೇಳಬಾರದು ಎಂದೆ. ಶಾಲೆಗೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಹೇಳಿದರೆ ಅವರು ಜಿಲ್ಲಾ ಮಟ್ಟಕ್ಕೆ ಕಳಿಸುತ್ತಾರೆ; ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಜೀನ್ ಪರೀಕ್ಷೆ, ಸಲಹೆ ಎರಡೂ ಸಿಗುತ್ತವೆ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.

“ಔಷಧಿ ಐತಾ ಮಿಸ್?”

ಲೋವ್ ಸಿಂಡ್ರೋಮ್‌ಗೆ ಬೇರಿನಿಂದ ವಾಸಿಮಾಡುವ ಔಷಧಿ ಇಲ್ಲ ಎಂದೆ. ಕಣ್ಣಿನ ಪೊರೆ ತೆಗೆಯುತ್ತಾರೆ, ಕಡಿಮೆಯಾದ ಲವಣ ಕೊಡುತ್ತಾರೆ, ಸ್ನಾಯುಗಳಿಗೆ ವ್ಯಾಯಾಮ ಮಾಡಿಸುತ್ತಾರೆ, ಕಲಿಸುತ್ತಾರೆ. ಅವಳು ಚೀಟಿಯನ್ನು ವಿಜ್ಞಾನದ ಪುಸ್ತಕದಲ್ಲಿ ಇಟ್ಟುಕೊಂಡಳು. ಆಮೇಲೆ ಕೈಯಲ್ಲಿದ್ದ ಕಡಲೆಕಾಳನ್ನೂ ಬಟಾಣಿಯನ್ನೂ ತೋರಿಸಿ, ಇವನ್ನು ಮನೆಗೆ ಒಯ್ಯಲೇ, ಅಜ್ಜಿಗೆ ಮಾಡಿ ತೋರಿಸಬೇಕು ಎಂದಳು.