ಗೇರ್ ಆಯಿಲ್: ಮೊದಲು ಯಾವ ಬೋಲ್ಟ್?

ಗೇರ್ ಆಯಿಲ್ ಮನೇಲೇ ಬದಲಾಯಿಸ್ತೀರಾ? ಕೆಳಗಿನ ಡ್ರೈನ್ ಬೋಲ್ಟ್‌ಗೆ ಕೈ ಹಾಕೋ ಮುಂಚೆ ಪಕ್ಕದ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಕೂತಿದ್ರೆ, ಹಳೇದು ಖಾಲಿ ಆದ್ಮೇಲೆ ಹೊಸದನ್ನ ಹಾಕೋದು ಎಲ್ಲಿಂದ?

ಗಾಡಿ ಸಮತಟ್ಟಾಗಿ ಎತ್ತಿ, ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ, ದಯವಿಟ್ಟು.

ಡ್ರೈನ್ ಬೋಲ್ಟ್ ತುದೀಲಿ ಅಯಸ್ಕಾಂತ ಇದ್ರೆ ಬೆರಳಾಡಿಸಿ. ಬೂದು ಬಣ್ಣದ ನುಣ್ಣನೆ ಕೆಸರು ಮಾಮೂಲು. ಚುಚ್ಚೋ ಚೂರು ಸಿಕ್ರೆ ಮೆಕ್ಯಾನಿಕ್‌ಗೆ ತೋರಿಸಿ.

ಆಯಿಲ್ ಯಾವುದು? ಮ್ಯಾನುಯಲ್‌ನಲ್ಲಿ ಹೇಳಿದ್ದೇ. ಜಿಎಲ್-4 ಅಂತಿದ್ರೆ, ನಂಬರ್ ದೊಡ್ಡದು ಅಂತ ಜಿಎಲ್-5 ತರಬೇಡಿ. ಅದರಲ್ಲಿ ಜಾಸ್ತಿ ಇರೋ ಗಂಧಕದ ಅಂಶ ಸಿಂಕ್ರೊನೈಸರ್‌ನ ಹಿತ್ತಾಳೆ ರಿಂಗನ್ನ ತಿನ್ನಬಹುದು.

ಫಿಲ್ಲರ್ ತೂತಿನ ಅಂಚಿಂದ ಆಯಿಲ್ ಜಿನುಗಿತಾ? ಹೆಚ್ಚಿನ ಗಾಡಿಗಳಲ್ಲಿ ಅದೇ ಅಳತೆ, ನಿಲ್ಲಿಸಿ. ಹಳೇ ಆಯಿಲ್ ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಚರಂಡಿಗಲ್ಲ.