ಏನನ್ನೂ ಮಾಡದ ಕ್ರಮವಿಧಿ

1964ನೆಯ ಇಸವಿ ಏಪ್ರಿಲ್ 7ರಂದು ಅಮೆರಿಕದ ಐಬಿಎಂ ಸಂಸ್ಥೆಯು ‘ಸಿಸ್ಟಂ/360’ ಎಂಬ ಬೃಹತ್ ಗಣಕಯಂತ್ರಗಳ ಶ್ರೇಣಿಯನ್ನು ಪ್ರಕಟಿಸಿತು. ಅಂದು ಗಣಕದ ಸ್ಮೃತಿಯು ಬಹಳ ದುಬಾರಿಯ ವಸ್ತು. ಶ್ರೇಣಿಯ ಸಣ್ಣ ಯಂತ್ರಗಳಲ್ಲೊಂದಾದ ‘ಮಾದರಿ 30’ರಲ್ಲಿ ಹೆಚ್ಚೆಂದರೆ 65,536 ಬೈಟುಗಳಿಗೆ ಸ್ಥಳವಿತ್ತು. ಆದುದರಿಂದ ಕ್ರಮವಿಧಿಯನ್ನು, ಎಂದರೆ ಗಣಕಕ್ಕೆ ಕೊಡುವ ಆದೇಶಗಳ ಮಾಲೆಯನ್ನು, ರಚಿಸುವವರು ಒಂದೊಂದು ಬೈಟನ್ನೂ ಲೆಕ್ಕವಿಟ್ಟು ಬಳಸಬೇಕಾಗಿತ್ತು.

ಹಣವಿದ್ದವರಿಗೂ ಒಂದು ಎಲ್ಲೆಯಿತ್ತು. ಸ್ಮೃತಿಯ ಪ್ರತಿಯೊಂದು ಬೈಟಿಗೂ ಮನೆಯ ಸಂಖ್ಯೆಯಂತೆ ಒಂದು ವಿಳಾಸವುಂಟು. ಅದಕ್ಕೆ 24 ದ್ವಿಮಾನ ಅಂಕಿಗಳನ್ನು ಮಾತ್ರ ಮೀಸಲಿಟ್ಟಿದ್ದುದರಿಂದ 1,67,77,216 ಬೈಟುಗಳನ್ನು ಮೀರಿದ ಕ್ರಮವಿಧಿಗೆ ಎಡೆಯೇ ಇರಲಿಲ್ಲ. 1980ರ ದಶಕದಲ್ಲಿ ಅಂಕಿಗಳು 31ಕ್ಕೂ 2000ದಲ್ಲಿ 64ಕ್ಕೂ ಏರಿದವು.

ಇಂತಹ ಮಿತವ್ಯಯದ ಲೋಕದಲ್ಲಿ ಏನನ್ನೂ ಮಾಡದ ಒಂದು ಕ್ರಮವಿಧಿಯೂ ಇತ್ತೆಂದರೆ ನೀವು ನಗಬಹುದು. ಅದರ ಹೆಸರು ‘ಐಇಎಫ್‌ಬಿಆರ್14’. ಈ ಯಂತ್ರಗಳಲ್ಲಿ ಕಡತವನ್ನು ಸೃಷ್ಟಿಸಬೇಕೆಂದೋ ಅಳಿಸಬೇಕೆಂದೋ ಕೆಲಸದ ಆಜ್ಞಾಪತ್ರದಲ್ಲಿಯೇ ಬರೆಯಬಹುದು. ಕಾರ್ಯವ್ಯವಸ್ಥೆಯು ಅದನ್ನು ತಾನೇ ನೆರವೇರಿಸುತ್ತದೆ. ಆದರೆ ನಿಯಮದಂತೆ ಪ್ರತಿ ಹಂತದಲ್ಲಿಯೂ ಯಾವುದಾದರೊಂದು ಕ್ರಮವಿಧಿ ನಡೆಯಲೇಬೇಕು. ಮದುವೆಯ ಪತ್ರಕ್ಕೆ ಸಾಕ್ಷಿಯ ರುಜು ಬೇಕಾಗುವಂತೆ ಇದೂ ಒಂದು ವಿಧಿ. ಆ ಸ್ಥಾನವನ್ನು ತುಂಬುವುದೇ ಇದರ ಉದ್ಯೋಗ. ಆಜ್ಞಾಪತ್ರದಲ್ಲಿ ‘ಅಳಿಸು’ ಎಂದು ತಪ್ಪಾಗಿ ಬರೆದರೆ, ಏನನ್ನೂ ಮಾಡದ ಕ್ರಮವಿಧಿ ನಡೆದ ಹಂತದಲ್ಲಿಯೇ ಸಂಬಳದ ಕಡತವೂ ಮಾಯವಾದೀತು!

ಮೊದಲಿಗೆ ಅದರಲ್ಲಿದ್ದುದು ಒಂದೇ ಆದೇಶ, ಎರಡೇ ಬೈಟು: ‘ಕರೆದವರ ಬಳಿಗೆ ಹಿಂದಿರುಗು’. ಇದರಲ್ಲಿಯೂ ದೋಷವಿತ್ತೆಂಬುದು ಸೋಜಿಗದ ಸಂಗತಿ. ಯಂತ್ರದಲ್ಲಿ ರಿಜಿಸ್ಟರುಗಳೆಂಬ 16 ಗೂಡುಗಳಿವೆ. ಹಿಂದಿರುಗಬೇಕಾದ ವಿಳಾಸವು 14ನೆಯದರಲ್ಲಿರುತ್ತದೆ. ಕೆಲಸ ಮುಗಿಸಿದ ಕ್ರಮವಿಧಿಯು 15ನೆಯದರಲ್ಲಿ ಫಲಿತಾಂಶದ ಸಂಖ್ಯೆಯನ್ನಿಟ್ಟು ಬರಬೇಕು. ಸೊನ್ನೆಯಿದ್ದರೆ ಎಲ್ಲವೂ ಕ್ಷೇಮ. ಆದರೆ ಕ್ರಮವಿಧಿಯು ಆರಂಭವಾಗುವಾಗ ಅದೇ ಗೂಡಿನಲ್ಲಿ ಅದರ ಸ್ವಂತ ವಿಳಾಸವಿರುತ್ತದೆ. ನಮ್ಮ ನಿರುದ್ಯೋಗಿಯು ಅದನ್ನು ಅಳಿಸದೆಯೇ ಹಿಂದಿರುಗುತ್ತಿದ್ದನು. ಆ ವಿಳಾಸವನ್ನೇ ವ್ಯವಸ್ಥೆಯು ಫಲಿತಾಂಶವೆಂದು ಓದುತ್ತಿತ್ತು. ಹಿಂದಿನ ಹಂತದ ಫಲಿತಾಂಶವನ್ನು ನೋಡಿ ಮುಂದುವರಿಯಬೇಕಾದ ಹಂತಗಳು ಇದರಿಂದ ಸುಮ್ಮನೆ ನಿಂತುಬಿಡುವ ಸಂಭವವಿತ್ತು.

15ನೆಯ ಗೂಡನ್ನು ಸೊನ್ನೆ ಮಾಡುವ ಇನ್ನೊಂದು ಆದೇಶವನ್ನು ಮುಂದೆ ಸೇರಿಸಿದರು. ಇದಕ್ಕೂ ಬೇಕಾದುದು ಎರಡೇ ಬೈಟು. ಹೀಗೆ ಒಂದೇ ತಿದ್ದುಪಡಿಯಿಂದ ಕ್ರಮವಿಧಿಯ ಆದೇಶಗಳು ಇಮ್ಮಡಿಯಾದವು. ಐಬಿಎಂ ಬೃಹತ್ ಗಣಕಗಳಲ್ಲಿ ಅದು ಇಂದಿಗೂ ಸೇವೆಯಲ್ಲಿದೆ.