ಮಾಡಿನ ಮೇಲೆ ದಿನಕ್ಕೆ 600 ಯೂನಿಟ್

ಏಪ್ರಿಲ್ ಕೊನೆಯ ವಾರದ ಒಂದು ಮಧ್ಯಾಹ್ನ ಕುಂದಾಪುರ ತಾಲೂಕಿನ ವಂಡ್ಸೆಯಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದಿರುತ್ತಾನೆ. ಆ ಹೊತ್ತಿನಲ್ಲಿ ಗೋಡೆಗೆ ತಾಗುವ ಬಿಸಿಲು ನಾಮಮಾತ್ರ, ಪೂರಾ ಪೆಟ್ಟು ಮಾಡಿಗೆ. ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 1 ಕಿಲೋವ್ಯಾಟ್.

ಇಷ್ಟನ್ನೇ ಹಿಡಿದು ಲೆಕ್ಕ ಹಾಕುತ್ತ ಹೋದರೆ ತಲೆ ತಿರುಗುತ್ತದೆ. 100 ಚದರ ಮೀಟರಿನ, ಅಂದರೆ ಸುಮಾರು 1,076 ಚದರಡಿಯ ಸಾಧಾರಣ ತಾರಸಿ ಮನೆಯ ಮೇಲೆ ನಡುಮಧ್ಯಾಹ್ನ 100 ಕಿಲೋವ್ಯಾಟ್ ಸುರಿಯುತ್ತಿರುತ್ತದೆ. ಬೆಳಗಿನಿಂದ ಸಂಜೆಯವರೆಗಿನದನ್ನು ಕೂಡಿಸಿದರೆ ಸರಿಸುಮಾರು 600 ಯೂನಿಟ್. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಉಚಿತ ವಿದ್ಯುತ್ತಿನ ಮಿತಿ ತಿಂಗಳಿಗೆ 200 ಯೂನಿಟ್. ಮೂರು ತಿಂಗಳ ಆ ಮಿತಿಯಷ್ಟು ಶಕ್ತಿ ಒಂದೇ ಹಗಲಿನಲ್ಲಿ ನಮ್ಮ ತಲೆಯ ಮೇಲೆ ಬಂದು ಬೀಳುತ್ತದೆ, ಅದೂ ದಿನಾ. ಇದೇ ಕುಂದಾಪುರ ತಾಲೂಕಿನ ಹೊಸಂಗಡಿಯಲ್ಲಿ ಘಟ್ಟದ ಬುಡ ಕೊರೆದು ಕಟ್ಟಿದ ವಾರಾಹಿ ಭೂಗರ್ಭ ವಿದ್ಯುದಾಗಾರವಿದೆಯಲ್ಲ, 115 ಮೆಗಾವ್ಯಾಟಿನ ನಾಲ್ಕು ಯಂತ್ರಗಳು, ಒಟ್ಟು 460 ಮೆಗಾವ್ಯಾಟ್. ನಾಲ್ಕೂ ಪೂರ್ತಿ ತಿರುಗಿದಾಗ ಬರುವಷ್ಟು ಶಕ್ತಿ ಮಧ್ಯಾಹ್ನ ಹನ್ನೆರಡೂವರೆಗೆ ಬರೀ 114 ಎಕರೆ ಬಯಲಿನ ಮೇಲೆ ಬಿಸಿಲಾಗಿ ಬಿದ್ದಿರುತ್ತದೆ. ಚಕ್ರಾ ಹೊಳೆಯ ಆಚೀಚೆ ಒಮ್ಮೆ ಕಣ್ಣು ಹಾಯಿಸಿದರೆ ಅಷ್ಟು ನೆಲ ಕಂಡುಬಿಡುತ್ತದೆ.

ಬಿಸಿಲಿನ ಮೇಲೆ ನಮ್ಮ ಕರಾವಳಿಗೆ ಇನ್ನೊಂದು ಹೊರೆ, ಸೆಕೆ. ಭಾರತೀಯ ಹವಾಮಾನ ಇಲಾಖೆ ಬಿಸಿಗಾಳಿ ಎಂದು ಪರಿಗಣಿಸಲು ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಬೇಕು. ಕರಾವಳಿಗೆ 37 ಸಾಕು. ಕಾರಣ ಗಾಳಿಯಲ್ಲಿರುವ ನೀರು. ನಾಲ್ಕು ಮೀಟರ್ ಉದ್ದ, ನಾಲ್ಕು ಅಗಲ, ಮೂರು ಎತ್ತರದ ಕೋಣೆಯೊಂದನ್ನು ತೆಗೆದುಕೊಳ್ಳಿ. ಅದರೊಳಗಿನ ಗಾಳಿಯೇ ಸುಮಾರು 55 ಕೆ.ಜಿ. ತೂಗುತ್ತದೆ. ರಾತ್ರಿ 30 ಡಿಗ್ರಿ, ತೇವಾಂಶ ಶೇ. 80 ಇದ್ದರೆ ಆ ಗಾಳಿಯಲ್ಲಿ ಕಣ್ಣಿಗೆ ಕಾಣದಂತೆ ಒಂದು ಲೀಟರಿಗೂ ಹೆಚ್ಚು ನೀರು ತುಂಬಿಕೊಂಡಿರುತ್ತದೆ. ಬೆವರು ಆರುವುದಾದರೂ ಎಲ್ಲಿಗೆ? "ಎಂತ ಸೆಕೆ ಮಾರ್ರೆ, ಮನಿಕಂಬುಕ್ ಆತಿಲ್ಲೆ" ಎಂದು ಊರಿಡೀ ಹೇಳುವುದು ಸುಮ್ಮನೆ ಅಲ್ಲ.

ಕಲಬುರಗಿಯಲ್ಲಿ 42 ಡಿಗ್ರಿ ಬಿಸಿಲಿಗೆ, ಶೇ. 15ರ ಒಣ ಗಾಳಿಗೆ, ಕೂಲರ್ ಇಟ್ಟರೆ ಲೆಕ್ಕದ ಪ್ರಕಾರ ಗಾಳಿ 22ರವರೆಗೂ ಇಳಿಯಬಹುದು. ವಂಡ್ಸೆಯ 34 ಡಿಗ್ರಿಗೆ, ಶೇ. 65ರ ತೇವಕ್ಕೆ, ಅದೇ ಕೂಲರ್ ಎಷ್ಟು ಒದ್ದಾಡಿದರೂ 28ರ ಕೆಳಗೆ ಹೋಗದು. ಮೇಲಾಗಿ ಕೋಣೆಗೆ ಇನ್ನಷ್ಟು ತೇವ ತುಂಬುತ್ತದೆ. ನಮ್ಮ ಕಡೆ ದಯವಿಟ್ಟು ಕೂಲರಿಗೆ ದುಡ್ಡು ಹಾಕಬೇಡಿ.

ಹಾಗಾದರೆ ಏಸಿ? 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ಇದರ ಮೂಲ ಯಂತ್ರವನ್ನು ರೂಪಿಸಿದ್ದು ಕಾಗದಕ್ಕೆ ತೇವ ಹಿಡಿಯದಂತೆ ನೋಡಿಕೊಳ್ಳಲು. ಆದ್ದರಿಂದ ಸೆಕೆಗೆ ಅದು ನಿಜವಾದ ಮದ್ದೇ. ಅದರ ಮೇಲೆ ಬರೆದಿರುವ 'ಟನ್' ಮಂಜುಗಡ್ಡೆಯ ಲೆಕ್ಕ: 907 ಕೆ.ಜಿ. ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಬಿಸಿ. ಒಂದೂವರೆ ಟನ್ನಿನ ಏಸಿಯನ್ನು ಹಗಲು ರಾತ್ರಿ ಓಡಿಸುವುದೆಂದರೆ ದಿನಕ್ಕೆ 1,360 ಕೆ.ಜಿ. ಮಂಜುಗಡ್ಡೆಯನ್ನು ಮಲಗುವ ಕೋಣೆಯಲ್ಲಿ ಕರಗಿಸಿದಂತೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲಿ ಹಾಕಿದ ಅಂದಾಜಿನಂತೆ ಜಗತ್ತಿನ ಏಸಿಗಳು 160 ಕೋಟಿಯಿಂದ 2050ಕ್ಕೆ 560 ಕೋಟಿಯಾಗಲಿವೆ. ಸೆಕೆಂಡಿಗೆ ಹತ್ತರಂತೆ ಮಾರಾಟವಾಗಬೇಕು. ಅಷ್ಟೂ ಯಂತ್ರಗಳು ಒಳಗಿನ ಬಿಸಿಯನ್ನು ಹೊರಗೆ ಎಸೆಯುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಅಸಲು ತೊಂದರೆ ಇರುವುದು ನಾವು ತಲೆಯ ಮೇಲೆ ಹೊತ್ತುಕೊಂಡ ಕಾಂಕ್ರೀಟಿನಲ್ಲಿ. ನಾಲ್ಕಿಂಚು ದಪ್ಪದ 100 ಚದರ ಮೀಟರ್ ತಾರಸಿ ಸುಮಾರು 24 ಟನ್ ತೂಗುತ್ತದೆ. ಅದು ಹತ್ತೇ ಡಿಗ್ರಿ ಕಾದರೂ ಒಳಗೆ 58 ಯೂನಿಟ್ ಬಿಸಿ ಕೂತುಬಿಡುತ್ತದೆ. ರಾತ್ರಿ ಹತ್ತು ಗಂಟೆಗೆ ಸ್ಟೂಲ್ ಹತ್ತಿ ತಾರಸಿಯ ಅಡಿಗೆ ಅಂಗೈ ಒತ್ತಿ ನೋಡಿ, ಜ್ವರ ಬಂದ ಮಗುವಿನ ಹಣೆಯ ಹಾಗಿರುತ್ತದೆ. ಅಷ್ಟನ್ನೂ ಏಸಿಯಿಂದಲೇ ತೆಗೆಯಬೇಕೆಂದರೆ ಒಂದೂವರೆ ಟನ್ನಿನದು ಎಡೆಬಿಡದೆ 11 ಗಂಟೆ ಓಡಬೇಕು. ಕಿಟಕಿ ತೆರೆದು, ಐದು ಡಿಗ್ರಿ ತಂಪಾದ ರಾತ್ರಿಯ ಗಾಳಿಯಿಂದ ತೆಗೆಯುತ್ತೇವೆ ಎಂದರೆ 36,000 ಘನ ಮೀಟರಿಗೂ ಹೆಚ್ಚು ಗಾಳಿ ಮನೆಯೊಳಗೆ ಹಾದುಹೋಗಬೇಕು. ಆಗಲೇ ಹೇಳಿದ ಕೋಣೆಯ ಗಾಳಿಯನ್ನು 750 ಸಲ ಬದಲಿಸಿದಷ್ಟು. ಅಷ್ಟರಲ್ಲಿ ಬೆಳಗಾಗಿ ಮತ್ತೆ ಬಿಸಿಲು ಬಂದಿರುತ್ತದೆ.

ಹಂಚಿನ ಮಾಡಿನ ಲೆಕ್ಕವೇ ಬೇರೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಕರಾವಳಿಯಿಡೀ ಹಬ್ಬಿದ ಈ ಹಂಚು ಒಂದೊಂದೂ ಎರಡೂವರೆ ಕೆ.ಜಿ. ಆಸುಪಾಸು. ಅಷ್ಟೇ ದೊಡ್ಡ ಮನೆಗೆ ಇಳಿಜಾರು, ಸೂರು ಸೇರಿ ಎರಡು ಸಾವಿರ ಹಂಚು ಹಿಡಿದರೂ ತೂಕ ಐದು ಟನ್. ಬಿಸಿ ಹಿಡಿದಿಟ್ಟುಕೊಳ್ಳಲು ಅದರಲ್ಲಿ ಜಾಗವೇ ಇಲ್ಲ. ಹೊತ್ತು ಮುಳುಗಿದೊಡನೆ ಆರತೊಡಗುತ್ತದೆ. ಹಂಚು ಹಂಚಿನ ಸಂದಿಯಲ್ಲಿ ಬಿಸಿಗಾಳಿ ಮೇಲೆ ಹೋಗುತ್ತದೆ. ಕೆಳಗೆ ಮರದ ಮುಚ್ಚಿಗೆ ಇದ್ದರಂತೂ ಬಿಸಿಲು ಬೀಳುವುದು ಒಂದು ಮಾಡಿಗೆ, ನಾವು ಮಲಗುವುದು ಇನ್ನೊಂದರ ಅಡಿಗೆ.

ಈಗ ಊರಲ್ಲಿ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟ್ ಹೊದಿಸುತ್ತಿರುವುದು ಈ ಹಳೆಯ ಉಪಾಯವೇ. ಮಳೆ ಸೋರದಿರುವುದಕ್ಕೆ, ಅಡಿಕೆ ಒಣಗಿಸುವುದಕ್ಕೆ ಎಂದು ಹಾಕಿಸಿದ್ದು ಸೆಕೆಗೂ ಒದಗಿತು. ಬಿಳಿ ಬಣ್ಣ ಹೊಡೆದರೂ ಆಗುತ್ತದೆ. ಹೊಸ ಸುಣ್ಣ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಅಟ್ಟುತ್ತದೆ. ಆದರೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಒಂದು ತಾರಸಿಯ ಮೇಲೆ 400 ಟನ್ ನೀರು! ಒಂದೇ ಮಳೆಗಾಲಕ್ಕೆ ಬಿಳಿಯೆಲ್ಲ ಪಾಚಿ ಹಿಡಿದು ಕಪ್ಪಾಗುತ್ತದೆ, ಕಪ್ಪಾದದ್ದು ಬಿಸಿಲನ್ನು ಕುಡಿಯುತ್ತದೆ. ಹಾಗಾಗಿ ಪ್ರತಿ ವರ್ಷ ಜನವರಿ ಹೊತ್ತಿಗೆ ಉಜ್ಜಿ ತೊಳೆದು ಮತ್ತೆ ಬಳಿಯುವ ತಾಳ್ಮೆ ಬೇಕು.

ಯಂತ್ರಗಳನ್ನೆಲ್ಲ ಮೀರಿಸುವುದು ತೋಟ. ಒಂದು ಲೀಟರ್ ನೀರು ಆವಿಯಾಗಲು ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಕಡಿಮೆ ಬಿಸಿಯನ್ನು ಹೀರುತ್ತದೆ. ಎಕರೆಗೆ 550 ಅಡಿಕೆ ಮರ, ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 16 ಲೀಟರ್ ಹನಿ ನೀರು. ಅದರಲ್ಲಿ ಅರ್ಧವಷ್ಟೇ ಸೋಗೆಯಿಂದ ಆವಿಯಾಗಿ ಹೋಯಿತೆಂದರೂ ಒಂದೂವರೆ ಟನ್ನಿನ 23 ಏಸಿಗಳು 24 ಗಂಟೆ ಓಡಿ ಹೀರುವಷ್ಟು ಬಿಸಿಯನ್ನು ಒಂದೆಕರೆ ತೋಟ ಸದ್ದಿಲ್ಲದೆ ಹೀರಿರುತ್ತದೆ. ಮನೆಯ ಪಡುವಣ ಬದಿಯ ಹಲಸನ್ನೋ ಮಾವನ್ನೋ ಕಡಿದು ಅಂಗಳಕ್ಕೆ ಇಂಟರ್‌ಲಾಕ್ ಹಾಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಶೀಟ್ ಹಾಕಿಸುವಷ್ಟು ದುಡ್ಡಿಲ್ಲದ ಮನೆಗೂ ದಾರಿಯಿದೆ. ತೆಂಗಿನ ಮರವೊಂದು ವರ್ಷಕ್ಕೆ ಹನ್ನೆರಡರ ಆಸುಪಾಸು ಮಡಲು ಉದುರಿಸುತ್ತದೆ. ಒಂದು ಮಡಲು ಎರಡು ಚದರ ಮೀಟರ್ ಮುಚ್ಚುತ್ತದೆ ಎಂದಿಟ್ಟುಕೊಂಡರೆ ಪೂರಾ ತಾರಸಿಗೆ 50 ಸಾಕು, ನಾಲ್ಕೈದು ಮರದ ಒಂದು ವರ್ಷದ ಮಡಲು. ಫೆಬ್ರವರಿಯಲ್ಲೇ ಹಾಸಿ, ಗಾಳಿಗೆ ಹಾರದಂತೆ ಅಲ್ಲಲ್ಲಿ ಕಲ್ಲಿಟ್ಟರೆ ದಿನದ 600 ಯೂನಿಟ್ಟಿನ ಬಹುಭಾಗವನ್ನು ಅವೇ ತಡೆಯುತ್ತವೆ. ಮೇ ಕೊನೆಗೆ, ಮೊದಲ ಮಳೆಯ ಮುಂಚೆ, ಎಳೆದು ಕೊಟ್ಟಿಗೆ ಸೇರಿಸಿದರೆ ಮಳೆಗಾಲಕ್ಕೆ ಬಚ್ಚಲೊಲೆಗೆ ಉರಿಯಾಗುತ್ತವೆ.